ವಿಪ್ರೊ: ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆ

ವಿಪ್ರೊ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಪ್ರಧಾನ ಕಚೇರಿಯಿರುವ ಮಾಹಿತಿ ತಂತ್ರಜ್ಞಾನ ಸಂಸ್ಥೆ. 1945ರಲ್ಲಿ ಮಹಾರಾಷ್ಟ್ರದ ಅಮಳನೇರದಲ್ಲಿ ವನಸ್ಪತಿ ತಯಾರಿಕೆಯಿಂದ ಆರಂಭವಾಗಿ, 1980ರ ದಶಕದಲ್ಲಿ ಕಂಪ್ಯೂಟರ್ ತಯಾರಿಕೆಗೆ ಇಳಿಯಿತು. ಮಾರಿದ ಯಂತ್ರ ಹಳತಾದ ಮೇಲೂ ತಯಾರಕನ ಹೊಣೆ ಉಳಿಯುತ್ತದೆಯೇ ಎಂಬ ಚರ್ಚೆಯಲ್ಲಿ ಈ ಸಂಸ್ಥೆ ಭಾರತದ ಪ್ರಮುಖ ಉದಾಹರಣೆ.

ಇ-ತ್ಯಾಜ್ಯ: ಕಂಪ್ಯೂಟರ್‌ಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಇರುತ್ತವೆ. ತಂತಿಯ ಪಿವಿಸಿ ಹೊದಿಕೆ ಸುಟ್ಟರೆ ವಿಷಕಾರಿ ಡಯಾಕ್ಸಿನ್ ಹೊಮ್ಮುತ್ತದೆ. ಗುಜರಿಗಳಲ್ಲಿ ಬರಿಗೈಯಲ್ಲಿ ಯಂತ್ರ ಬಿಚ್ಚುವವರಿಗೂ ಸುತ್ತಲಿನ ಮಣ್ಣು, ನೀರಿಗೂ ಇದರಿಂದ ಅಪಾಯ. 2005ರಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ಕಾರ್ಯಕರ್ತರು ಬೆಂಗಳೂರಿನ ವಿಪ್ರೊ ಕಚೇರಿಗೇ ಇ-ತ್ಯಾಜ್ಯ ತಂದು ಪ್ರತಿಭಟಿಸಿದರು. ಮರುವರ್ಷ ಸಂಸ್ಥೆ ಗ್ರಾಹಕರಿಂದ ಹಳೆಯ ಯಂತ್ರಗಳನ್ನು ಮರಳಿ ಪಡೆಯುವ ಯೋಜನೆ ಪ್ರಕಟಿಸಿತು. 2010ರಲ್ಲಿ ಪಿವಿಸಿ ಹಾಗೂ ಬ್ರೋಮಿನ್‌ಯುಕ್ತ ಅಗ್ನಿನಿರೋಧಕಗಳಿಲ್ಲದ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. 2012ರ ನವೆಂಬರ್‌ನಲ್ಲಿ ಅದೇ ಗ್ರೀನ್‌ಪೀಸ್ ಪ್ರಕಟಿಸಿದ, ಪರಿಸರಸ್ನೇಹಿ ಎಲೆಕ್ಟ್ರಾನಿಕ್ಸ್ ಕಂಪನಿಗಳ ಜಾಗತಿಕ ಪಟ್ಟಿಯಲ್ಲಿ 10ಕ್ಕೆ 7.1 ಅಂಕ ಗಳಿಸಿ ಎಚ್‌ಪಿ, ನೋಕಿಯಾಗಳನ್ನು ಹಿಂದಿಕ್ಕಿ ಮೊದಲ ಸ್ಥಾನ ಪಡೆಯಿತು. ಆದರೆ 2013ರ ಕೊನೆಗೆ ಕಂಪ್ಯೂಟರ್ ತಯಾರಿಕೆಯನ್ನೇ ನಿಲ್ಲಿಸಿ, ಸೇವಾ ವ್ಯವಹಾರಕ್ಕೆ ಒತ್ತು ಕೊಟ್ಟಿತು. ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು 2040ರೊಳಗೆ ಶೂನ್ಯಕ್ಕಿಳಿಸುವ ಗುರಿಯನ್ನು 2021ರಲ್ಲಿ ಘೋಷಿಸಿತು.

ಸಾಮಾಜಿಕ ಕಾರ್ಯ: ಶಿಕ್ಷಣ, ಆರೋಗ್ಯ ಮತ್ತು ವಿಪತ್ತು ಪರಿಹಾರ ಕ್ಷೇತ್ರಗಳಲ್ಲಿ ‘ವಿಪ್ರೊ ಕೇರ್ಸ್’ ದುಡಿಯುತ್ತದೆ. 2011ರಲ್ಲಿ ಆರಂಭವಾದ ಸಂಸ್ಥೆಯ ‘ಅರ್ಥಿಯನ್’ ಕಾರ್ಯಕ್ರಮ ಶಾಲಾ ಕಾಲೇಜುಗಳಲ್ಲಿ ಪರಿಸರ ಶಿಕ್ಷಣ ನೀಡುತ್ತದೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕಂಪನಿಯ ಅಂಗವಲ್ಲ. ವಿಪ್ರೊವನ್ನು ದಶಕಗಳ ಕಾಲ ಮುನ್ನಡೆಸಿದ ಪ್ರೇಮ್‌ಜಿಯವರು ಕೊಟ್ಟ ವಿಪ್ರೊ ಷೇರುಗಳ ಆದಾಯವೇ ಅದರ ಮುಖ್ಯ ಆಧಾರ. 2024ರಲ್ಲಿ ಅದು ಕರ್ನಾಟಕ ಸರ್ಕಾರದೊಂದಿಗೆ ಮೂರು ವರ್ಷಗಳ, ಸುಮಾರು 1,500 ಕೋಟಿ ರೂ.ಗಳ ಒಪ್ಪಂದ ಮಾಡಿಕೊಂಡಿತು. ಇದರಿಂದ ಬಿಸಿಯೂಟದಲ್ಲಿ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆ ಆರು ದಿನಕ್ಕೆ ವಿಸ್ತರಿಸಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ತೀರ್ಥಹಳ್ಳಿ, ಹೊಸನಗರದಂಥ ಮಲೆನಾಡಿನ ತಾಲ್ಲೂಕುಗಳ ಸರ್ಕಾರಿ, ಅನುದಾನಿತ ಶಾಲೆಗಳೂ ಇದರ ವ್ಯಾಪ್ತಿಯಲ್ಲಿವೆ.

ಕಾನೂನು: ವಿಪ್ರೊ 2006ರಲ್ಲಿ ಸ್ವಇಚ್ಛೆಯಿಂದ ಒಪ್ಪಿಕೊಂಡ ಹೊಣೆ ಮುಂದೆ ಎಲ್ಲ ತಯಾರಕರಿಗೂ ಕಡ್ಡಾಯವಾಯಿತು. ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. 2013ರ ಕಂಪನಿ ಕಾಯ್ದೆಯು ನಿಗದಿತ ಮಿತಿ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕೆನ್ನುತ್ತದೆ. ಈಗ ಇ-ತ್ಯಾಜ್ಯಕ್ಕೆ ಅನ್ವಯಿಸುತ್ತಿರುವುದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಪರಿಷ್ಕೃತ ನಿಯಮಗಳು.