ಸೆಟ್ಟಿಂಗ್ ಬದಲಿಸಿದವರು ಯಾರು?

ಕೊಳ್ಳೇಗಾಲದ್ದೋ ಯಳಂದೂರಿನದ್ದೋ ಒಂದು ಪಹಣಿ ತೆಗೆದು ನೋಡಿ. ಜಮೀನು ಯಾರ ಹೆಸರಿಗೆ ಬಂದಿದೆ ಎಂಬುದರ ಜೊತೆಗೇ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರ್ ಇರುತ್ತದೆ. ಅದನ್ನು ಹಿಡಿದು ಹೋದರೆ ಆದೇಶವೂ ತಾರೀಖೂ ಸಿಗುತ್ತವೆ. 'ಭೂಮಿ' ಯೋಜನೆ ರಾಜ್ಯದ 177 ತಾಲ್ಲೂಕುಗಳ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗಲೂ ಈ ಶಿಸ್ತು ಉಳಿಯಿತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕಿತ್ತು. ದಾಖಲೆಗೆ ಇಷ್ಟು ಕಾವಲು. ಆದರೆ ದಾಖಲೆ ಇಟ್ಟುಕೊಂಡ ಯಂತ್ರದ ನಿಯಮಗಳನ್ನು ಯಾರು, ಯಾವಾಗ ಬದಲಿಸಿದರು ಎಂದು ಬರೆದಿಡುವ ರೂಢಿ ವಿಂಡೋಸ್ ಲೋಕದಲ್ಲಿ ಬೇರೂರಿದ್ದು ಬಹಳ ತಡವಾಗಿ.

ಯುನಿಕ್ಸ್ ಕಡೆಯವರು ಮುಂದಿದ್ದರು. ಎರಡು ಫೈಲುಗಳ ವ್ಯತ್ಯಾಸ ತೋರಿಸುವ 'ಡಿಫ್' 1974ರಲ್ಲೇ ಇತ್ತು. 1993ರಲ್ಲಿ ಮಾರ್ಕ್ ಬರ್ಗೆಸ್, ಯಂತ್ರಗಳ ಕಾನ್ಫಿಗರೇಶನ್ ನೋಡಿಕೊಳ್ಳುವ 'ಸಿಎಫ್‌ಎಂಜಿನ್' ಬರೆದರು. ರೂಟರುಗಳ ಕಾನ್ಫಿಗರೇಶನ್ ತಂದು ಹಳೆಯದರೊಂದಿಗೆ ಹೋಲಿಸಿ ಮೇಲ್ ಕಳಿಸುವ 'ರ‍್ಯಾನ್ಸಿಡ್' ಆಮೇಲೆ ಬಂತು.

ವಿಂಡೋಸ್‌ನಲ್ಲಿ ಫೆಬ್ರುವರಿ 2000ದಲ್ಲಿ ಜಾಲದ ಬಳಕೆದಾರರನ್ನೂ ಕಂಪ್ಯೂಟರುಗಳನ್ನೂ ಒಂದು 'ಡೊಮೇನ್' ಆಗಿ ಕಟ್ಟುವ ಆಕ್ಟಿವ್ ಡೈರೆಕ್ಟರಿಯ ಜೊತೆ ಗ್ರೂಪ್ ಪಾಲಿಸಿ ಬಂತು. ಪಾಸ್‌ವರ್ಡ್ ಎಷ್ಟು ಉದ್ದವಿರಬೇಕು, ಪೆನ್‌ಡ್ರೈವ್ ಹಾಕಬಹುದೇ, ಫೈರ್‌ವಾಲ್ ಹೇಗಿರಬೇಕು ಎಂದು ಒಂದೇ ಕಡೆ ಕೂತು ಹೇಳಬಹುದು. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಕಂಪ್ಯೂಟರುಗಳೇ ಬಂದು ಹೊಸ ಆಜ್ಞೆ ಕೇಳಿಕೊಳ್ಳುತ್ತವೆ. ಅನುಕೂಲ ದೊಡ್ಡದು, ಅಪಾಯವೂ ಅಷ್ಟೇ: ಒಂದು ತಪ್ಪು ಟಿಕ್ ಊಟದ ಹೊತ್ತಿಗೆ ಎಲ್ಲ ಟೇಬಲಿಗೂ ತಲುಪಿರುತ್ತದೆ.

ಆಗಿನ ಲೆಕ್ಕ ಇಡುವ ವ್ಯವಸ್ಥೆ ಒಂದು ಸಂಖ್ಯೆ ಮಾತ್ರ. ಪಾಲಿಸಿಯ ಫೋಲ್ಡರಿನಲ್ಲಿರುವ 'ಜಿಪಿಟಿ.ಐಎನ್‌ಐ' ಫೈಲ್ ತೆರೆದರೆ 'ವರ್ಶನ್=65537' ಎಂದು ಕಾಣಬಹುದು. 65,536ರಿಂದ ಭಾಗಿಸಿದರೆ ಬರುವ 1, ಬಳಕೆದಾರರ ಭಾಗದ ಆವೃತ್ತಿ. ಉಳಿದ 1, ಕಂಪ್ಯೂಟರಿನ ಭಾಗದ್ದು. ಬದಲಾವಣೆ ಆಯಿತು ಎಂದು ಇದು ಹೇಳುತ್ತದೆ, ಏನು ಬದಲಾಯಿತು ಎಂದು ಹೇಳುವುದಿಲ್ಲ. ಆಮೇಲಿನ ಆವೃತ್ತಿಗಳಲ್ಲಿ ಆಡಿಟಿಂಗ್ ಆನ್ ಮಾಡಿದ್ದರೆ ಲಾಗಿನ 5136ನೇ ಈವೆಂಟ್, ಬದಲಾವಣೆ ಮಾಡಿದವರ ಹೆಸರು ಕೊಡುತ್ತದೆ, ಆದರೆ ಸೆಟ್ಟಿಂಗುಗಳ ವಿವರ ಬಹುಪಾಲು ಸಿಸ್‌ವಾಲ್ ಫೋಲ್ಡರಿನ ಫೈಲುಗಳಲ್ಲೇ ಉಳಿದುಬಿಡುತ್ತದೆ. ಹೆಸರು ಒಂದು ಕಡೆ, ಕೆಲಸ ಇನ್ನೊಂದು ಕಡೆ. ಇವೆರಡನ್ನು ಜೋಡಿಸುವ ಕೆಲಸವೇ ಸ್ಕ್ರಿಪ್ಟುಗಳ ಪಾಲಿಗೆ ಬಂದದ್ದು.

ಗ್ರೂಪ್ ಪಾಲಿಸಿ ನಿರ್ವಹಿಸುವ 2003ರ ಸಾಧನ ಜಿಪಿಎಂಸಿ ಜೊತೆ ಮಾದರಿ ಸ್ಕ್ರಿಪ್ಟುಗಳೇ ಬಂದವು. ಎಲ್ಲ ಪಾಲಿಸಿಗಳ ಬ್ಯಾಕಪ್ ತೆಗೆಯುವುದು ಅವುಗಳಲ್ಲಿ ಒಂದು. 2006ರಲ್ಲಿ ಸ್ಕ್ರಿಪ್ಟ್ ಬರೆಯುವ ಭಾಷೆ ಪವರ್‌ಶೆಲ್ ಬಂತು, 2009ರಲ್ಲಿ ಅದಕ್ಕೆ ಗ್ರೂಪ್ ಪಾಲಿಸಿ ಮಾಡ್ಯೂಲ್ ಸೇರಿತು. ನನ್ನ ಲೆಕ್ಕದಲ್ಲಿ ನಿಜವಾದ ತಿರುವು ಇದೇ. 'ಗೆಟ್-ಜಿಪಿಒರಿಪೋರ್ಟ್' ಎಂಬ ಒಂದೇ ಆಜ್ಞೆ ಪಾಲಿಸಿಯನ್ನೆಲ್ಲ ಎಕ್ಸ್‌ಎಂಎಲ್ ಪಠ್ಯವಾಗಿಸುತ್ತದೆ. ಪಠ್ಯವಾದ ಮೇಲೆ ಡಿಫ್ ನಡೆಯುತ್ತದೆ, ಆವೃತ್ತಿಗಳನ್ನು ಕಾಪಿಡುವ ಗಿಟ್ ನಡೆಯುತ್ತದೆ. ರಾತ್ರಿ ಓಡುವ ಸ್ಕ್ರಿಪ್ಟ್ ನಿನ್ನೆಯದಕ್ಕೂ ಇವತ್ತಿನದಕ್ಕೂ ಇರುವ ವ್ಯತ್ಯಾಸವನ್ನು ಬೆಳಿಗ್ಗೆ ಮೇಲಿನಲ್ಲಿ ಹಾಕಿರುತ್ತದೆ. ಒಂದು ಎಚ್ಚರ: ವರದಿ ತೆಗೆದ ಸಮಯವೂ ಅದರೊಳಗೇ ಇರುವುದರಿಂದ ಆ ಸಾಲನ್ನು ಬಿಟ್ಟು ಹೋಲಿಸಬೇಕು. ಇಲ್ಲದಿದ್ದರೆ ದಿನಾ ಸುಳ್ಳು ವ್ಯತ್ಯಾಸ ಬಂದು ಯಾರೂ ಮೇಲ್ ಓದದಂತಾಗುತ್ತದೆ.

ಈ ವರದಿಗಳ ಬೆಲೆ ತಿಳಿಯುವುದು ಕಚೇರಿಗಳು ಹೋಳಾದಾಗ. 2005ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಜ್ಯವ್ಯಾಪಿ ಜಾಲದ ಯೋಜನೆ ತಾಲ್ಲೂಕು ಕೇಂದ್ರದವರೆಗೆ ಕನಿಷ್ಠ 2 ಎಂಬಿಪಿಎಸ್ ಸಂಪರ್ಕ ಉದ್ದೇಶಿಸಿತ್ತು. ಆಗ ಹನೂರು ಕೊಳ್ಳೇಗಾಲ ತಾಲ್ಲೂಕಿನೊಳಗೇ ಇತ್ತು. ಪ್ರತ್ಯೇಕ ತಾಲ್ಲೂಕಾಗಿ ಘೋಷಣೆಯಾದದ್ದು 2017ರಲ್ಲಿ. ಇಂಥ ವಿಭಜನೆಯಾದಾಗ ಯಾವುದೇ ಜಾಲದಲ್ಲಿ ಹೊಸ ಕಚೇರಿಗೆ ಹಳೆಯ ನಿಯಮಗಳಲ್ಲಿ ಯಾವುದು ಅನ್ವಯ ಎಂಬ ಪ್ರಶ್ನೆ ಏಳುತ್ತದೆ. ಹಳೆಯ ವರದಿಗಳಿದ್ದವರು ನಿಮಿಷದಲ್ಲಿ ಉತ್ತರ ಹೇಳುತ್ತಾರೆ. ಇಲ್ಲದವರು, ಅಷ್ಟರಲ್ಲಾಗಲೇ ವರ್ಗವಾಗಿ ಹೋದವರಿಗೆ ಫೋನ್ ಮಾಡುತ್ತಾರೆ.

ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 28 ಏಪ್ರಿಲ್ 2022ರ ಆದೇಶ ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದೂ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕೆಂದೂ ಹೇಳಿದ ಮೇಲೆ ಬದಲಾವಣೆಗಳನ್ನು ಬರೆದಿಡುವ ಈ ಕೆಲಸಕ್ಕೆ ಇನ್ನಷ್ಟು ತೂಕ ಬಂದಿದೆ.

ಡೊಮೇನೇ ಇಲ್ಲದ ಐದಾರು ಕಂಪ್ಯೂಟರಿನ ಸಹಕಾರ ಸಂಘ, ಶಾಲೆಗಳ ಗತಿಯೇನು? ಅವರಿಗೆ ಮೈಕ್ರೋಸಾಫ್ಟಿನ ಉಚಿತ 'ಎಲ್‌ಜಿಪಿಒ' ಇದೆ. ಅದು ಒಂದೊಂದು ಯಂತ್ರದ ಸ್ಥಳೀಯ ಪಾಲಿಸಿಯನ್ನೂ ಪಠ್ಯ ಮಾಡಿಕೊಡುತ್ತದೆ. ತಿಂಗಳಿಗೊಮ್ಮೆ ತೆಗೆದು, ಡಾಸ್ ಕಾಲದಿಂದಲೂ ಇರುವ 'ಎಫ್‌ಸಿ' ಆಜ್ಞೆಯಲ್ಲಿ ಹಳೆಯದರ ಪಕ್ಕ ಇಟ್ಟು ನೋಡಿದರೆ ಸಾಕು, ಖರ್ಚಿಲ್ಲ.