ಅಕ್ಷರದಲ್ಲಡಗಿದ ಅಂಕ, ಅಂಕದಲ್ಲಡಗಿದ ಅಕ್ಷರ

ವಿಸ್ತಾರವಾದ ವಿಷಯವನ್ನು ಕಿರಿದಾದೊಂದು ಸಂಕೇತದಲ್ಲಿ ಅಡಗಿಸಿ ಕಾಪಿಡುವ ಕ್ರಮವು ಗಣಕಯಂತ್ರದೊಡನೆ ಹುಟ್ಟಿತೆಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಕರಣಾನುಯೋಗದ ಗ್ರಂಥಗಳಲ್ಲಿ ಪರಿಶ್ರಮವುಳ್ಳವರು ಇದನ್ನು ಒಪ್ಪಲಾರರು. ಹಸ್ತಪ್ರತಿಗಳ ಸೂಚಿಗಳು ಗಣಕಕ್ಕೆ ಏರುತ್ತಿರುವ ಈ ಕಾಲದಲ್ಲಿ, ಪೂರ್ವಾಚಾರ್ಯರು ಸಂಕೇತಗಳನ್ನು ಹೇಗೆ ಬಳಸಿದರು, ಅವು ಎಲ್ಲಿ ಸಂದೇಹಕ್ಕೆ ಎಡೆಗೊಟ್ಟುವು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಶಾಸನಗಳು ಎಡೆದೊರೆನಾಡೆಂದು ಕರೆದ, ಕೃಷ್ಣಾ ತುಂಗಭದ್ರೆಗಳ ನಡುವಣ ಪ್ರದೇಶದ ಮೂರು ಊರುಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ: ರಾಯಚೂರು, ದೇವದುರ್ಗ, ಮಾನ್ವಿ. ಎರಡನೆಯದನ್ನು ಇಂಗ್ಲಿಷ್ ದಾಖಲೆಗಳು ದೇವದುರ್ಗವೆಂದೂ ದೇವ್‌ದುರ್ಗ್ ಎಂದೂ ಬರೆಯುತ್ತವೆ. ಮೂರನೆಯದು ಕನ್ನಡದಲ್ಲಿಯೇ ಮಾನ್ವಿ, ಮಾನವಿ ಎಂಬ ಎರಡು ರೂಪಗಳಲ್ಲಿದೆ. ಕಾಗುಣಿತವನ್ನೇ ನೆಚ್ಚಿದ ಸೂಚಿಯಲ್ಲಿ ಒಂದೇ ಊರಿನ ಪ್ರತಿಗಳು ಎರಡು ಊರಿನವಾಗಿ ಚದುರಿಹೋಗುತ್ತವೆ. ೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂದ ಪಿನ್ ಕೋಡ್ ಪದ್ಧತಿಯಲ್ಲಿ ಈ ತೊಡಕಿಲ್ಲ. ರಾಯಚೂರಿಗೆ ೫೮೪೧೦೧, ದೇವದುರ್ಗಕ್ಕೆ ೫೮೪೧೧೧, ಮಾನ್ವಿಗೆ ೫೮೪೧೨೩. ಮೂರಕ್ಕೂ ಸಮಾನವಾದ ೫೮೪ ರಾಯಚೂರು ವಿಂಗಡಣಾ ಪ್ರದೇಶವನ್ನು, ಉಳಿದ ಮೂರಂಕೆಗಳು ಅಂಚೆ ಕಚೇರಿಯನ್ನು ಸೂಚಿಸುತ್ತವೆ. ಈ ಪದ್ಧತಿಯನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿಗಳು. ೧೯೪೪ರಲ್ಲಿ ‘ಜಿನರತ್ನಕೋಶ’ವನ್ನು ಪ್ರಕಟಿಸಿದ ಹರಿ ದಾಮೋದರ ವೇಲಣಕರರು ಬೇರೆ; ಇಬ್ಬರನ್ನು ಒಬ್ಬರೆಂದು ಎಣಿಸಬಾರದು.

ಇವೇ ಹೆಸರುಗಳನ್ನು ಕಟಪಯಾದಿ ಕ್ರಮದಿಂದ ಅಂಕಕ್ಕಿಳಿಸಿದರೆ ಬೇರೊಂದು ಸಂಗತಿ ತಿಳಿದುಬರುತ್ತದೆ. ವಾಮಗತಿಯಿಂದ ರಾಯಚೂರು ೨೬೧೨ ಆಗುತ್ತದೆ; ದೇವದುರ್ಗ ೩೮೪೮. ಮಾನ್ವಿ ಎಂದು ಬರೆದರೆ ೪೫, ಮಾನವಿ ಎಂದರೆ ೪೦೫. ಮೇಲಾಗಿ ೪೫ರಿಂದ ಮಾನ್ವಿಗೆ ಹಿಂದಿರುಗುವ ದಾರಿಯಿಲ್ಲ. ಕ, ಟ, ಪ, ಯ ನಾಲ್ಕೂ ಒಂದೇ ಆದುದರಿಂದ ಒಂದು ಅಂಕಕ್ಕೆ ಅನೇಕ ಅಕ್ಷರಗಳು ಹೊಂದುತ್ತವೆ. ಇದನ್ನು ದೋಷವೆನ್ನುವುದು ತರವಲ್ಲ. ಕಟಪಯಾದಿಯ ಉದ್ದೇಶ ಹೆಸರನ್ನು ಅಂಕದಲ್ಲಿ ಇಡುವುದಲ್ಲ, ಅಂಕವನ್ನು ಪದ್ಯದಲ್ಲಿ ಇಡುವುದು.

ಇದರ ಅತ್ಯುತ್ತಮ ನಿದರ್ಶನ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ ಜೀವಕಾಂಡದಲ್ಲಿದೆ. ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಹೇಳುವ ಗಾಥೆಯ ಮೊದಲ ಅಕ್ಷರ ‘ತ’ ಏಕಸ್ಥಾನದ ೬ನ್ನೂ, ಅಕ್ಷರಸಂಖ್ಯೆಯ ಕಡೆಯ ‘ಸ’ ಆದಿಯ ೭ನ್ನೂ ಕೊಡುತ್ತವೆ. ಒಟ್ಟು ಇಪ್ಪತ್ತೊಂಬತ್ತು ಸ್ಥಾನಗಳು: ೭೯೨೨೮೧೬೨೫೧೪೨೬೪೩೩೭೫೯೩೫೪೩೯೫೦೩೩೬. ಇಷ್ಟುದ್ದದ ಅಂಕೆಗಳ ಸಾಲಿನಲ್ಲಿ ಲಿಪಿಕಾರನು ಒಂದನ್ನು ಬಿಟ್ಟರೆ ಕಂಡುಹಿಡಿಯುವವರಾರು? ಗಾಥೆಯಲ್ಲಾದರೆ ಅಕ್ಷರ ಬಿದ್ದೊಡನೆ ಮಾತ್ರೆ ಕೆಡುತ್ತದೆ. ಮಾತ್ರೆ ಕೆಡದಂತೆ ಅಕ್ಷರ ಬದಲಾದರೂ ಇನ್ನೊಂದು ಪರೀಕ್ಷೆಯಿದೆ: ಈ ಸಂಖ್ಯೆ ದ್ವಿರೂಪವರ್ಗಧಾರೆಯ ಐದನೆಯ ವರ್ಗದ ಘನ. ಗುಣಿಸಿ ನೋಡಿದರೆ ಪಾಠ ಶುದ್ಧವೋ ಅಶುದ್ಧವೋ ತಿಳಿಯುತ್ತದೆ.

ಆ ಧಾರೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಎರಡರ ವರ್ಗ ೪, ಅದರ ವರ್ಗ ೧೬, ಮುಂದೆ ೨೫೬, ೬೫೫೩೬, ೪೨೯೪೯೬೭೨೯೬, ೧೮೪೪೬೭೪೪೦೭೩೭೦೯೫೫೧೬೧೬. ಕಡೆಯ ಮೂರಕ್ಕೆ ಪ್ರಾಕೃತದಲ್ಲಿ ಪಣ್ಣಟ್ಠಿ, ಬಾದಾಲ, ಏಕಟ್ಠಿ ಎಂದು ಹೆಸರು. ಇವು ಕ್ರಮವಾಗಿ ೬೫, ೪೨, ೧೮ ಎಂಬ ಮೊದಲೆರಡು ಅಂಕೆಗಳ ಹೆಸರುಗಳೇ ಹೊರತು ಬೇರೆಯಲ್ಲ. ಅರ್ಥಸಂದೃಷ್ಟಿಯಲ್ಲಿ ಇವನ್ನು ‘೬೫=’, ‘೪೨=’, ‘೧೮=’ ಎಂದು ಬರೆಯುತ್ತಾರೆ. ಇಪ್ಪತ್ತು ಸ್ಥಾನಗಳ ಸಂಖ್ಯೆಯೊಂದು ಓಲೆಯ ಮೇಲೆ ಮೂರು ಚಿಹ್ನೆಗಳಲ್ಲಿ ಅಡಗುತ್ತದೆ. ಕೇಶವವರ್ಣಿಯು ಕ್ರಿ.ಶ. ೧೩೫೯ರಲ್ಲಿ ಗೊಮ್ಮಟಸಾರಕ್ಕೆ ಬರೆದ ಕನ್ನಡ ವೃತ್ತಿಯನ್ನು ಈ ಸಂದೃಷ್ಟಿಗಳನ್ನರಿಯದೆ ಓದಲಾಗದು.

ಗಣಕದ ಮೂಲಮಾನವಾದ ‘ಬಿಟ್’ ನಮ್ಮ ಅರ್ಧಚ್ಛೇದಕ್ಕೆ ಸಮಾನ. ಎಂಟು ಬಿಟ್‌ಗಳಿಂದ ೨೫೬ ಸಂಕೇತಗಳೂ ಹದಿನಾರರಿಂದ ಪಣ್ಣಟ್ಠಿಯಷ್ಟು ಸಂಕೇತಗಳೂ ದೊರೆಯುತ್ತವೆ. ಡಾಟ್‌ನೆಟ್ ಎಂಬ ವ್ಯವಸ್ಥೆಯ ದಶಮಾನ ಸಂಖ್ಯೆಗೆ ೯೬ ಬಿಟ್‌ಗಳನ್ನು ಮೀಸಲಿಟ್ಟಿರುವುದರಿಂದ, ಅದರ ಗರಿಷ್ಠ ಸಂಖ್ಯೆಯು ಗೊಮ್ಮಟಸಾರದ ಸಂಖ್ಯೆಗಿಂತ ಒಂದು ಮಾತ್ರ ಕಡಮೆ. ಇದನ್ನು ಹಿಡಿದು ಪ್ರಾಚೀನರಿಗೆ ಗಣಕ ತಿಳಿದಿತ್ತೆಂದು ವಾದಿಸುವುದು ಅವಿವೇಕ. ಎರಡನ್ನು ಎರಡರಿಂದ ಗುಣಿಸುತ್ತ ಹೋದವರು ಯಾರೇ ಆಗಲಿ ಅವೇ ಮೆಟ್ಟಿಲುಗಳನ್ನು ಏರಬೇಕಾಗುತ್ತದೆ.

ಸಂಕೇತದ ಬಲವೆಲ್ಲ ಅದರ ಕೋಷ್ಟಕದಲ್ಲಿದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಇದನ್ನು ಚೆನ್ನಾಗಿ ಬಲ್ಲವನಾಗಿದ್ದು, ಗಣಿತಸಾರಸಂಗ್ರಹದ ಸಂಜ್ಞಾಧಿಕಾರದಲ್ಲಿಯೇ ಸಂಖ್ಯಾಸಂಜ್ಞೆಗಳನ್ನು ಪಟ್ಟಿಮಾಡಿದ್ದಾನೆ. ಅಲ್ಲಿ ತತ್ತ್ವವೆಂದರೆ ಏಳು, ಸಾಂಖ್ಯಮತವನ್ನನುಸರಿಸಿದವರಿಗೆ ಇಪ್ಪತ್ತೈದು. ರತ್ನವು ನಮ್ಮಲ್ಲಿ ಮೂರು, ಅನ್ಯತ್ರ ಒಂಬತ್ತು. ಪ್ರಶಸ್ತಿಯೊಂದರ ಶಕವರ್ಷದಲ್ಲಿ ರತ್ನಶಬ್ದವು ದಶಸ್ಥಾನದಲ್ಲಿ ಬಂದಿದ್ದು, ಲಿಪಿಕಾರನ ಸಂಪ್ರದಾಯ ತಿಳಿಯದಿದ್ದರೆ, ಕಾಲನಿರ್ಣಯದಲ್ಲಿ ಅರುವತ್ತು ವರ್ಷಗಳ ಅಂತರ ಬೀಳುತ್ತದೆ.

ಈಚಿನ ಕನ್ನಡದಲ್ಲಿಯೂ ಇದೇ ಆಗಿದೆ. ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕುಳಿತಿದ್ದುವು. ಆ ಫಾಂಟಿಲ್ಲದ ಗಣಕದಲ್ಲಿ ಅಂದಿನ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಓಲೆ ಹುಳು ಹಿಡಿಯಲು ಶತಮಾನ ಬೇಕು. ಇಲ್ಲಿ ಎರಡು ದಶಕ ಸಾಕಾಯಿತು. ೧೯೯೧ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಈ ಗೊಂದಲಕ್ಕೆ ಪರಿಹಾರ ನೀಡಿತು. ಅದರಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳಿವೆ. ರಾಯಚೂರು ಎಂಬುದು ೩೨೪೮, ೩೨೬೨, ೩೨೪೭, ೩೨೨೬, ೩೨೬೬, ೩೨೪೮, ೩೨೬೫ ಎಂಬ ಏಳು ಅಂಕಗಳಾಗಿ ಉಳಿಯುತ್ತದೆ. ಇಲ್ಲಿ, ಕಟಪಯಾದಿಯಂತಲ್ಲದೆ, ಅಂಕದಿಂದ ಅಕ್ಷರಕ್ಕೆ ನಿಸ್ಸಂದೇಹವಾಗಿ ಮರಳಬಹುದು. ಹಳಗನ್ನಡದ ‘ೞ’ಕಾರಕ್ಕೂ ೩೨೯೪ ಎಂಬ ಸ್ಥಾನ ದೊರಕಿದೆ. ಆದರೆ ಅದಕ್ಕೆ ಇಂಗ್ಲಿಷಿನಲ್ಲಿ ‘ಫ’ ಎಂಬ ತಪ್ಪು ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದು, ಸರಿಯಾದ ಹೆಸರು ಉಪನಾಮವಾಗಿ ಸೇರಿದೆ. ಹಳಗನ್ನಡ ಪಾಠಗಳನ್ನು ಗಣಕಕ್ಕೆ ಏರಿಸುವವರು ಹೆಸರನ್ನು ನೋಡದೆ ಸ್ಥಾನವನ್ನೇ ನೋಡತಕ್ಕದ್ದು.

ಆದಕಾರಣ ಸೂಚಿಯನ್ನು ಸಿದ್ಧಪಡಿಸುವಾಗ ಊರಿಗೆ ಒಂದು ಸ್ಥಿರ ಸಂಕೇತವನ್ನು ಕೊಟ್ಟು, ಪುಷ್ಪಿಕೆಯಲ್ಲಿ ಮಾನವಿ ಎಂದಿದ್ದರೆ ಮಾನವಿ ಎಂದೇ ಪಕ್ಕದಲ್ಲಿ ಬರೆಯುವುದು ಯುಕ್ತ. ಸಂಕೇತಗಳ ಕೋಷ್ಟಕವು ಪ್ರತಿಯೊಂದು ಸಂಪುಟದೊಳಗೂ ಇರಬೇಕು. ಕೇಶವವರ್ಣಿಯ ವೃತ್ತಿಯನ್ನು ಗಣಕಕ್ಕೆ ಅಳವಡಿಸುವಾಗಲಂತೂ ‘೬೫=’ ಎಂಬುದನ್ನು ಅಪೂರ್ಣ ಸಮೀಕರಣವೆಂದು ಬಗೆದು ತಿದ್ದುವುದಾಗಲಿ, ಬಿಡಿಸಿ ೬೫೫೩೬ ಎಂದು ಬರೆಯುವುದಾಗಲಿ ಕೂಡದು; ಮೂಲದಲ್ಲಿ ಇದ್ದಂತೆ ಇರಿಸಿ, ಅರ್ಥವನ್ನು ಕೋಷ್ಟಕದಲ್ಲಿ ಕೊಡಬೇಕು.