ಫೋಲ್ಡರಿನಲ್ಲೇ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್: ತೆರೆಯುವ ಬಗೆ, ವಹಿಸಬೇಕಾದ ಎಚ್ಚರ

ವಿಂಡೋಸ್ ಗಣಕಗಳಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದೊಡನೆ ತೆರೆದಾಗ ಅದು ಸಾಮಾನ್ಯವಾಗಿ ‘ಸಿಸ್ಟಮ್32’ ಎಂಬ ಫೋಲ್ಡರಿನಲ್ಲಿ ನಿಲ್ಲುತ್ತದೆ. ನಮಗೆ ಕೆಲಸವಿರುವುದು ಬೇರೊಂದು ಫೋಲ್ಡರಿನಲ್ಲಿ. ಅಲ್ಲಿಗೆ ನೇರವಾಗಿ ತಲುಪುವ ಮಾರ್ಗಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಎಕ್ಸ್‌ಪಿಯ ಕಾಲದಲ್ಲಿ ಮನೆಬಳಕೆಯ ಗಣಕಗಳು ಬಹುಮಟ್ಟಿಗೆ ಪೂರ್ಣಾಧಿಕಾರದಲ್ಲೇ ನಡೆಯುತ್ತಿದ್ದವು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾ, ‘ಯೂಸರ್ ಅಕೌಂಟ್ ಕಂಟ್ರೋಲ್’ ಎಂಬ ವ್ಯವಸ್ಥೆಯನ್ನು ತಂದಿತು. ಅಂದಿನಿಂದ ಅಡ್ಮಿನಿಸ್ಟ್ರೇಟರ್ ಖಾತೆಯ ಬಳಕೆದಾರರೂ ದಿನನಿತ್ಯ ಸಾಮಾನ್ಯ ಅಧಿಕಾರದಲ್ಲೇ ಕೆಲಸ ಮಾಡುತ್ತಾರೆ. ಹೆಚ್ಚಿನ ಅಧಿಕಾರ ಬೇಕಾದಾಗ ಗಣಕವು ಅವರ ಒಪ್ಪಿಗೆ ಕೇಳುತ್ತದೆ.

ಎಲ್ಲ ಆವೃತ್ತಿಗಳಿಗೂ ಸಲ್ಲುವ ವಿಧಾನ

ಮೊದಲು ಬೇಕಾದ ಫೋಲ್ಡರನ್ನು ತೆರೆದು, ಮೇಲಿನ ವಿಳಾಸಪಟ್ಟಿಯ ಖಾಲಿ ಭಾಗವನ್ನು ಕ್ಲಿಕ್ಕಿಸಿ ವಿಳಾಸವನ್ನು ನಕಲಿಸಿಕೊಳ್ಳಿ. ಬಳಿಕ ಸ್ಟಾರ್ಟ್ ಮೆನುವಿನಲ್ಲಿ ಸಿ, ಎಂ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬೆರಳಚ್ಚಿಸಿ, ಕಂಟ್ರೋಲ್, ಶಿಫ್ಟ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಒಪ್ಪಿಗೆ ನೀಡಿದೊಡನೆ ಕಿಟಕಿ ತೆರೆಯುತ್ತದೆ. ಅದರಲ್ಲಿ ‘ಸಿಡಿ’ ಎಂದು ಬರೆದು, ಒಂದು ತೆರಪು ಬಿಟ್ಟು, ಓರೆಗೆರೆ ಮತ್ತು ‘ಡಿ’ ಸೇರಿಸಿ, ಮತ್ತೊಂದು ತೆರಪಿನ ನಂತರ ವಿಳಾಸವನ್ನು ಅಂಟಿಸಿ. ಓರೆಗೆರೆ ಮತ್ತು ‘ಡಿ’ ಇಲ್ಲದಿದ್ದರೆ, ಫೋಲ್ಡರು ಬೇರೆ ಡ್ರೈವಿನಲ್ಲಿದ್ದಾಗ ಪ್ರಾಂಪ್ಟ್ ಇದ್ದಲ್ಲಿಂದ ಕದಲದು.

ಆವೃತ್ತಿಗೆ ತಕ್ಕ ಹತ್ತಿರದ ದಾರಿ

2012ರ ವಿಂಡೋಸ್ 8ರಲ್ಲಿ ಫೋಲ್ಡರಿನ ‘ಫೈಲ್’ ಮೆನುವಿನಲ್ಲೇ ಈ ಸೌಲಭ್ಯವಿತ್ತು. ವಿಂಡೋಸ್ 10ರ 2017ರ ಪರಿಷ್ಕರಣೆಯಲ್ಲಿ ಆ ಸ್ಥಾನಕ್ಕೆ ಪವರ್‌ಶೆಲ್ ಬಂದಿತು. ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಸಿಎಂಡಿ’ ಎಂದು ಬೆರಳಚ್ಚಿಸಿದರೆ ಅದೇ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ಸಿದ್ಧ. ವಿಂಡೋಸ್ 11ರಲ್ಲಿ ಆ ಮೆನು ಇಲ್ಲ. ಆದರೆ 2024ರ ‘24ಎಚ್2’ ಆವೃತ್ತಿಯಿಂದ ‘ಸುಡೊ’ ಎಂಬ ಆದೇಶವಿದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಒಮ್ಮೆ ಚಾಲನೆಗೊಳಿಸಿ. ಫೋಲ್ಡರಿನ ವಿಳಾಸಪಟ್ಟಿಯಲ್ಲಿ ‘ಸಿಎಂಡಿ’ ಎಂದು ಬರೆದು ಎಂಟರ್ ಒತ್ತಿದರೆ ಸಾಮಾನ್ಯ ಪ್ರಾಂಪ್ಟ್ ಬರುತ್ತದೆ. ಅದರಲ್ಲಿ ‘ಸುಡೊ ಸಿಎಂಡಿ’ ಎಂದು ಆದೇಶಿಸಿದರಾಯಿತು.

ಅಧಿಕಾರ ದೊರೆತಿದ್ದರೆ ಕಿಟಕಿಯ ಶಿರೋನಾಮೆಯಲ್ಲಿ ‘ಅಡ್ಮಿನಿಸ್ಟ್ರೇಟರ್’ ಎಂಬ ಪದ ಕಾಣಿಸುತ್ತದೆ.

ಎಚ್ಚರಿಕೆ

ಫೋಲ್ಡರಿನ ಆಯ್ಕೆಯಲ್ಲೇ ಅಪಾಯವೂ ಅಡಗಿದೆ. ‘ಐಪಿಕಾನ್ಫಿಗ್’ನಂತಹ ಆದೇಶವನ್ನು ನೀಡಿದಾಗ ಕಮಾಂಡ್ ಪ್ರಾಂಪ್ಟ್ ಆ ಹೆಸರಿನ ಕಡತವನ್ನು ಮೊದಲು ಹುಡುಕುವುದು ತಾನು ನಿಂತಿರುವ ಫೋಲ್ಡರಿನಲ್ಲೇ. ಅಂತರಜಾಲದಿಂದ ಇಳಿಸಿಕೊಂಡ ಕಡತಗಳ ನಡುವೆ ಅದೇ ಹೆಸರಿನ ದುಷ್ಟ ತಂತ್ರಾಂಶವೊಂದು ಸೇರಿಕೊಂಡಿದ್ದರೆ, ನಿಜವಾದ ಆದೇಶದ ಬದಲು ಅದೇ ಪೂರ್ಣಾಧಿಕಾರದಿಂದ ಚಾಲನೆಗೊಳ್ಳುತ್ತದೆ. ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ಇಂತಹ ಪ್ರಾಂಪ್ಟ್ ತೆರೆಯದಿರುವುದು ಲೇಸು.

‘ಡೆಲ್’ ಆದೇಶದಿಂದ ಅಳಿಸಿದ ಕಡತಗಳು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಎಂಟರ್ ಒತ್ತುವ ಮುನ್ನ ಪ್ರಾಂಪ್ಟಿನಲ್ಲಿ ಕಾಣುವ ಫೋಲ್ಡರಿನ ಹೆಸರನ್ನು ಒಮ್ಮೆ ಓದಿಕೊಳ್ಳಿ. ಕೆಲಸ ಮುಗಿದೊಡನೆ ಆ ಕಿಟಕಿಯನ್ನು ಮುಚ್ಚಿಬಿಡಿ.